ಭಿಡೆಗೆ ಕೊಟ್ಟ ಮನೆ

ಅಪ್ಪ ತೀರಿಕೊಂಡ ಮರುವರ್ಷ ರೋಣ ಸೀಮೆಯ ಸವಡಿಯಲ್ಲಿರುವ ನಮ್ಮ ಹಳೆಯ ಮನೆಯನ್ನು ಬಿಡಿಸಿಕೊಳ್ಳುವ ಪ್ರಸಂಗ ಬಂತು. ಹನ್ನೊಂದು ವರ್ಷ ಆ ಮನೆಯಲ್ಲಿ ಒಂದೇ ಕುಟುಂಬ ಬಾಡಿಗೆಗಿತ್ತು. ಕೀಲಿಕೈ ಕೊಟ್ಟ ದಿನ ಕಾಗದ ಆಗಿರಲಿಲ್ಲ. ಬಾಡಿಗೆ ಇಸಿದುಕೊಂಡಾಗ ಪಾವತಿ ಚೀಟಿ ಕೊಟ್ಟಿರಲಿಲ್ಲ. "ನಮ್ಮೂರಾಗಿನ ಮಂದಿ ಹತ್ರ ಏನ್ ಬರಸ್ಕೊಳ್ಳೋದು, ಭಿಡೇ ಆಗತೈತಿ" ಎನ್ನುತ್ತಿದ್ದರು ಅಪ್ಪ.

ಡಿಪಾಜಿಟ್ ತಿರುಗಿ ಕೊಡುವ ಹೊತ್ತಿಗೆ ಮಾತು ನಿಂತುಹೋಯಿತು. ನಮ್ಮ ನೆನಪಿನಲ್ಲಿದ್ದದ್ದು ಐದು ಸಾವಿರ, ಅವರು ಹೇಳಿದ್ದು ಹತ್ತು. ಪಡಸಾಲೆಯಲ್ಲಿ ಎಲ್ಲರೂ ನೆಲ ನೋಡುತ್ತ ಕೂತೆವು. ಆಗ ಆ ಮನೆಯಾಕೆ ಒಳಗೆ ಹೋಗಿ, ಗೂಟಕ್ಕೆ ಒಂದರ ಮೇಲೊಂದು ಸಿಗಿಸಿಟ್ಟಿದ್ದ ಹನ್ನೊಂದು ವರ್ಷದ ಕ್ಯಾಲೆಂಡರುಗಳನ್ನು ತಂದು ಅವ್ವನ ಮುಂದಿಟ್ಟಳು. "ಇಲ್ನೋಡ್ರಿ ಅವ್ವಾರ." ಎಲ್ಲಕ್ಕಿಂತ ಕೆಳಗಿದ್ದ ಕ್ಯಾಲೆಂಡರಿನ ಜೂನ್ ಹಾಳೆಯಲ್ಲಿ ಪೆನ್ಸಿಲ್ಲಿನಿಂದ "ಕಾಕಾರಿಗೆ 5" ಎಂದಿತ್ತು. ಆಗಸ್ಟ್ ಹಾಳೆಯಲ್ಲಿ ಮತ್ತೊಮ್ಮೆ "5, ಡಿಪಾಜಿಟ್". ಎರಡು ಕಂತಿನಲ್ಲಿ ಕೊಟ್ಟಿದ್ದರು. ನಮಗೆ ಗೊತ್ತಿದ್ದದ್ದು ಒಂದೇ ಕಂತು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಆ ಕ್ಯಾಲೆಂಡರ್ ಇಲ್ಲದಿದ್ದರೆ ಎರಡು ಮನೆಗಳ ನಡುವಿನ ಮಾತುಕತೆ ಅಂದಿಗೇ ಕಡಿದುಹೋಗುತ್ತಿತ್ತು.

ಬಾಡಿಗೆ ಎಂದರೆ ಬೆಂಗಳೂರಿನ ಬಹುಮಹಡಿ ಕಟ್ಟಡಗಳೇ ಕಣ್ಣಿಗೆ ಬರುತ್ತವೆ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲೂ ಮನೆ ಮಾಲೀಕರಿದ್ದಾರೆ. ಮಕ್ಕಳು ದುಡಿಯಲು ಮಂಗಳೂರಿಗೋ ಗೋವಾಕ್ಕೋ ಹೋದ ಮೇಲೆ ಅರ್ಧ ಮನೆ ಖಾಲಿ ಉಳಿದ ತಾಯಿ, ನಿವೃತ್ತಿಯ ದುಡ್ಡಿನಲ್ಲಿ ರಸ್ತೆ ಬದಿ ಎರಡು ಮಳಿಗೆ ಹಾಕಿಸಿದ ಮಾಸ್ತರರು, ಅಣ್ಣತಮ್ಮಂದಿರ ಪಾಲಿನ ಮನೆಗೆ ಕೀಲಿ ಹಾಕಿ ಹುಬ್ಬಳ್ಳಿಯಲ್ಲಿರುವ ನೌಕರ. ತಿಂಗಳಿಗೆ ಬರುವ ಎರಡೋ ಮೂರೋ ಸಾವಿರ ಇವರ ಗುಳಿಗೆಗೆ, ಕಿರಾಣಿಗೆ ಆಧಾರ. ಇವರನ್ನು ಕಾಡುವುದು ಕೆಟ್ಟ ಬಾಡಿಗೆದಾರರಿಗಿಂತ ಹೆಚ್ಚಾಗಿ ಭಿಡೆ. ಕೇಳಲು ಭಿಡೆ, ಬರೆಸಲು ಭಿಡೆ, ಬಿಡಿಸಲು ಭಿಡೆ. ಆ ಭಾರವನ್ನು ಮನಸ್ಸಿನಿಂದ ಇಳಿಸಿ ಕಾಗದದ ಮೇಲೆ ಹಾಕಬೇಕು.

ಹೊಲದ ಅಂಜಿಕೆ ಮನೆಗೆ ಬಂತು

ಬರೆದುಕೊಡಲು ನಮ್ಮ ಹಿರಿಯರು ಹಿಂಜರಿಯುವುದಕ್ಕೆ ಭಿಡೆಯ ಜೊತೆಗೆ ಇನ್ನೊಂದು ಕಾರಣವಿದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಕಾಲದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರರು ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರು, ಉಳುವವರಿಗೆ ಹೊಲ ಬಂತು. ತಲೆಮಾರುಗಳ ಕಾಲ ಬೇರೆಯವರ ಹೊಲದಲ್ಲಿ ದುಡಿದವರಿಗೆ ಸಿಕ್ಕ ನ್ಯಾಯ ಅದು. ಅಂದಿನಿಂದ ಸೈನಿಕರ, ನಾವಿಕರ ಜಮೀನಿನಂಥ ಕೆಲವೇ ವಿನಾಯಿತಿ ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಇವತ್ತಿಗೂ ನಮ್ಮಲ್ಲಿ ಹೊಲದ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ.

ಹೊಲದ ಆ ಅಂಜಿಕೆ ಮನೆಗೂ ಅಂಟಿಕೊಂಡಿತು. "ಬರದ್ ಕೊಟ್ರ ಮನಿ ಹೋಗತೈತಿ", "ಹನ್ನೆರಡು ವರ್ಷ ಇದ್ರ ಮನಿ ಅವರದ ಆಗತೈತಿ" ಎಂಬ ಮಾತನ್ನು ಕಟ್ಟೆಯ ಮೇಲೆ ಎಷ್ಟು ಸಲ ಕೇಳಿದ್ದೇನೋ. ಎರಡೂ ತಪ್ಪು. ಮಾಲೀಕನ ಒಪ್ಪಿಗೆಯಿಂದ ಬಂದು ಬಾಡಿಗೆ ಕೊಡುತ್ತ ಇರುವವರು ಇಪ್ಪತ್ತು ವರ್ಷ ಇದ್ದರೂ ಬಾಡಿಗೆದಾರರೇ. ಬಾಡಿಗೆದಾರರಾಗಿ ಒಳಬಂದವರು ಅಲ್ಲಿದ್ದುಕೊಂಡೇ ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂಬುದು ಸಾಕ್ಷ್ಯ ಕಾಯ್ದೆಯ ಹಳೆಯ ನಿಯಮ. ಆದರೆ ಅವರು ಬಾಡಿಗೆದಾರರು ಎಂದು ತೋರಿಸುವುದು ಹೇಗೆ? ಕರಾರು ಪತ್ರ, ಪಾವತಿ, ಬ್ಯಾಂಕಿನ ಜಮೆ ಇವೇ ಅದಕ್ಕೆ ಆಧಾರ. ಕಾಗದದಿಂದ ಮನೆ ಹೋಗುವುದಿಲ್ಲ. ಕಾಗದ ಇಲ್ಲದಾಗಲೇ ಪ್ರಶ್ನೆ ಏಳುವುದು.

ಬರೆದಿಡುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಹತ್ತಿರದ ಸೂಡಿಯಲ್ಲಿ 11ನೇ ಶತಮಾನದ ನಡುವೆ, ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಆಳುತ್ತಿದ್ದಾಗ, ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಮನೆತನಗಳಿಗೂ ಊರಿನ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಸಿಕೊಟ್ಟದ್ದುಂಟು. ಒಂದೇ ಊರಿನವರು, ದಿನಾ ಮುಖ ನೋಡುವವರು. ಅವರಿಗೂ ಬರಹ ಬೇಕೆನಿಸಿತ್ತು.

ಮೊದಲು ಉತಾರ, ಆಮೇಲೆ ಕರಾರು

ಮನೆ ಕೊಡುವ ಮುಂಚೆ ಗ್ರಾಮ ಪಂಚಾಯಿತಿಯಿಂದ ಉತಾರ ತೆಗೆಸಿ ನೋಡಿ. ಇ-ಸ್ವತ್ತಿನಲ್ಲಿ ನಮೂನೆ 9, ನಮೂನೆ 11 ಯಾರ ಹೆಸರಿನಲ್ಲಿವೆ? ಬಹಳ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ವಾಟ್ನಿ ಬಾಯಿಮಾತಿನಲ್ಲಿ ಆಗಿರುತ್ತದೆ. ಅಂಥ ಮನೆಯನ್ನು ಒಬ್ಬ ತಮ್ಮ ಬಾಡಿಗೆಗೆ ಕೊಟ್ಟರೆ ದೀಪಾವಳಿಗೆ ಬಂದ ಇನ್ನೊಬ್ಬ ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಾನೆ. ಪೆಟ್ಟು ಬೀಳುವುದು ಬಾಡಿಗೆದಾರರಿಗೆ. ವಾರಸಾ ಮಾಡಿಸಿ, ಪಾಲುದಾರರೆಲ್ಲ ಸಹಿ ಹಾಕಿ, ಇಲ್ಲವೇ ಒಬ್ಬರಿಗೆ ಮುಖತ್ಯಾರ ಪತ್ರ ಬರೆದುಕೊಡಿ. ಬಾಡಿಗೆ ಯಾರ ಖಾತೆಗೆ ಬರಬೇಕು, ಹೇಗೆ ಹಂಚಬೇಕು ಎಂಬುದನ್ನೂ ಮನೆಯೊಳಗೆ ಮೊದಲೇ ತೀರ್ಮಾನಿಸಿ.

ಬಾಂಡ್ ಪೇಪರಿನ ಕರಾರು ಯಾಕೆ ಹನ್ನೊಂದು ತಿಂಗಳಿಗೇ ಇರುತ್ತದೆ ಎಂದು ಕೇಳುವವರಿದ್ದಾರೆ. ಒಂದು ವರ್ಷ ಮೀರಿದ ಬಾಡಿಗೆ ಒಪ್ಪಂದವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ 1908ರ ನೋಂದಣಿ ಕಾಯ್ದೆಯೂ ಹಾಗೆ ಹೇಳುತ್ತವೆ. ಮನೆಗೆ ಹನ್ನೊಂದು ತಿಂಗಳು ಸಾಕು, ಮುಗಿದಾಗ ಹೊಸದಾಗಿ ಬರೆಯಿರಿ. ಮಳಿಗೆಯನ್ನು ಐದು ವರ್ಷಕ್ಕೆ ಕೊಡುವುದಾದರೆ ಮಾತ್ರ ಖರ್ಚಿಗೆ ಹಿಂದೆಮುಂದೆ ನೋಡದೆ ನೋಂದಾಯಿಸಿ. ಛಾಪಾ ಶುಲ್ಕ ಎಷ್ಟು ಬೇಕೆಂದು ಬಾಂಡ್ ಬರೆಯುವವರನ್ನು ಕೇಳಿ, ಅಷ್ಟನ್ನೂ ಕಟ್ಟಿ. ಕಡಿಮೆ ಛಾಪಾದ ಕಾಗದವನ್ನು ಕೋರ್ಟಿಗೆ ತಂದರೆ ಕೊರತೆಯ ಹತ್ತು ಪಟ್ಟು ದಂಡ ಬೀಳುತ್ತದೆ.

ಕರಾರಿನಲ್ಲಿ ಇಷ್ಟು ಇರಲಿ:
• ಎರಡೂ ಕಡೆಯವರ ಹೆಸರು, ಆಧಾರ್ ಪ್ರತಿ, ಫೋನ್ ಸಂಖ್ಯೆ, ಇಬ್ಬರು ಸಾಕ್ಷಿಗಳು.
• ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ, ಯಾವ ಖಾತೆಗೆ. ಮುಂದಿನ ವರ್ಷ ಎಷ್ಟು ಏರುತ್ತದೆ.
• ಡಿಪಾಜಿಟ್ ಎಷ್ಟು, ಎಂದು ಬಂತು, ಮನೆ ಬಿಟ್ಟ ಎಷ್ಟು ದಿನದಲ್ಲಿ ತಿರುಗಿ ಕೊಡುವುದು, ಯಾವುದಕ್ಕೆ ಮುರಿದುಕೊಳ್ಳುವುದು.
• ಕರೆಂಟು, ನೀರು, ಮನೆಪಟ್ಟಿ ಯಾರ ಪಾಲಿಗೆ.
• ಮನೆ ಬಿಡಲು, ಬಿಡಿಸಲು ಎಷ್ಟು ದಿನ ಮೊದಲು ತಿಳಿಸಬೇಕು.
• ಮನೆಯಲ್ಲಿರುವ ಸಾಮಾನು, ಈಗಾಗಲೇ ಇರುವ ಕೊರತೆಗಳ ಪಟ್ಟಿ.

ಡಿಪಾಜಿಟ್ ಇಪ್ಪತ್ತು ಸಾವಿರ ಮುಟ್ಟುವುದಾದರೆ ರೋಖ ಬೇಡ, ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ, ಅಂಗಡಿಯಂಥ ಕಡೆಗೆ ಆರು ತಿಂಗಳ ಬಾಡಿಗೆಯಷ್ಟೇ ಡಿಪಾಜಿಟ್ ಇರಲಿ ಎನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ಆದರೂ ನಮ್ಮೂರಿನ ಲೆಕ್ಕಕ್ಕೆ ಒಳ್ಳೆಯ ಅಳತೆ.

ಒಂದು ಎಚ್ಚರಿಕೆ. ಒಮ್ಮೆಲೇ ಎರಡು ಮೂರು ಲಕ್ಷ ತೆಗೆದುಕೊಂಡು ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಡುವುದನ್ನು ಲೀಸು ಎನ್ನುತ್ತೇವೆ. ಹಣ ತಿರುಗಿ ಕೊಡುವ ತನಕ ಮನೆಯ ಅನುಭೋಗ ಕೊಡುವ ಇಂಥ ವ್ಯವಹಾರ ಕಾನೂನಿನ ಕಣ್ಣಿಗೆ ಭೋಗ್ಯದ ಅಡಮಾನ ಆಗುವುದುಂಟು. ಅದಕ್ಕೆ ನೋಂದಣಿ ಬೇಕೇ ಬೇಕು. ಆ ಹಣ ಮಗಳ ಮದುವೆಗೋ ಬೋರ್‌ವೆಲ್‌ಗೋ ಖರ್ಚಾಗಿ, ತಿರುಗಿ ಕೊಡಲಾಗದೆ ಮನೆಯನ್ನೇ ಮಾರುವ ಸ್ಥಿತಿ ಬರಬಾರದು. ಲೀಸಿನ ಹಣ ಗಳಿಕೆಯಲ್ಲ, ಸಾಲ.

ಎರೆನೆಲದ ಮನೆ

ನಮ್ಮದು ಎರೆ ಸೀಮೆ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಮಣ್ಣು. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕೈ ಹೋಗುತ್ತದೆ. ಆ ಮಣ್ಣಿನ ಮೇಲೆ ಪಾಯ ಹಾಕಿದ ಗೋಡೆಯೂ ಹಾಗೆಯೇ ಬೇಸಿಗೆಯಲ್ಲಿ ಬಾಯಿ ಬಿಟ್ಟು, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಮೂಲೆಯ ಬಿರುಕು ಕಂಡ ಕೂಡಲೇ "ಮೊಳೆ ಹೊಡದೀರಿ" ಎಂದು ಬಾಡಿಗೆದಾರರ ಮೇಲೆ ಹಾಕುವುದು ಅನ್ಯಾಯ. ಮನೆ ಒಪ್ಪಿಸುವ ದಿನ ಪ್ರತಿ ಕೋಣೆಯ ಫೋಟೊ ತೆಗೆದು ಎರಡೂ ಫೋನಿನಲ್ಲಿ ಇಟ್ಟುಕೊಳ್ಳಿ. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಗೌಂಡಿಯನ್ನು ಕರೆಯಿರಿ. ನೀರು ಪಾಯದ ಬುಡದಲ್ಲಿ ನಿಲ್ಲದಂತೆ ಗೋಡೆಗುಂಟ ಗರಸು ತುಂಬಿ ಇಳಿಜಾರು ಮಾಡಿಸಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಮೇಲ್ಮುದ್ದೆಯ ಮಣ್ಣಿನ ಮನೆ ಬೇಸಿಗೆಯಲ್ಲಿ ತಂಪು, ಆದರೆ ಪ್ರತಿ ವರ್ಷ ಆರೈಕೆ ಕೇಳುತ್ತದೆ. ಮುಂಗಾರಿಗೆ ಮೊದಲು ಮಾಳಿಗೆಯ ಮೇಲಿನ ಹುಲ್ಲು ಕಿತ್ತು ಸವಳು ಮಣ್ಣು ಹರವಬೇಕು, ನೀರು ಹೋಗುವ ದೋಣಿ ತೆರೆದಿರಬೇಕು, ಬೆಳಕಿಂಡಿಯ ಮುಚ್ಚಳ ಗಟ್ಟಿ ಇರಬೇಕು. ಇದು ಮಾಲೀಕರ ಕೆಲಸ. ಮಾಲೀಕರು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಇದೆ.

ಹಳೆಯ ಮನೆ ಕೊಡುವವರು ಹಗೇವಿನ ಮಾತನ್ನು ಮರೆಯಬಾರದು. ಪಡಸಾಲೆಯ ಪರಸಿಯ ಕೆಳಗೆ, ಅಂಗಳದಲ್ಲಿ ಅಜ್ಜಂದಿರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಬಹಳ ಕಡೆ ಹಾಗೇ ಇದೆ. ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ, ಇಳಿದವರ ಜೀವಕ್ಕೇ ಅಪಾಯ. ಹೊರಗಿನಿಂದ ಬಂದ ಬಾಡಿಗೆದಾರರಿಗೆ ಇದು ಗೊತ್ತಿರುವುದಿಲ್ಲ. ಗರಸು ತುಂಬಿ ಶಾಶ್ವತವಾಗಿ ಮುಚ್ಚಿಸಿ, ಇಲ್ಲವೇ ಜಾಗ ತೋರಿಸಿ ಬಾಯಿಗೆ ಗಟ್ಟಿ ಕಲ್ಲು ಹಾಸಿ.

ಬಾಡಿಗೆದಾರರು ನಿಲ್ಲುವ ಮನೆ ಯಾವುದು? ಒಳಗೆ ಪಾಯಖಾನೆ, ಬಚ್ಚಲು, ನಳದ ನೀರು, ಬೇರೆ ಮೀಟರ್ ಇರುವ ಮನೆ. ಗೋಡೆಗೆ ಬಣ್ಣ ಹಚ್ಚುವ ದುಡ್ಡನ್ನು ಮೊದಲು ಪಾಯಖಾನೆಗೆ ಹಾಕಿ.

ಮೀಟರ್ ವಿಷಯದಲ್ಲಿ ಈಗ ಇನ್ನೊಂದು ಲಾಭವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಬಾಡಿಗೆ ಮನೆಯವರಿಗೂ ಸಿಗುತ್ತದೆ. 200 ಯೂನಿಟ್ ಮಿತಿಯೊಳಗೆ ಆ ಮನೆಯ ಸರಾಸರಿ ಬಳಕೆ ನೋಡಿ ಕೊಡುತ್ತಾರೆ. ಬಾಡಿಗೆದಾರರು ತಮ್ಮ ಆಧಾರ್‌ನೊಂದಿಗೆ ಆ ಮೀಟರಿನ ಸಂಖ್ಯೆ ಜೋಡಿಸಬೇಕು, ಅಲ್ಲಿ ವಾಸವಿದ್ದೇವೆ ಎಂಬುದಕ್ಕೆ ಕರಾರು ಪತ್ರ ಆಧಾರವಾಗುತ್ತದೆ. ಎರಡು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಮಿತಿಯೂ ದಾಟುತ್ತದೆ, ಜಗಳವೂ ತಪ್ಪುವುದಿಲ್ಲ. ಹೆಸ್ಕಾಂಗೆ ಅರ್ಜಿ ಕೊಟ್ಟು ಮೀಟರ್ ಬೇರೆ ಮಾಡಿಸಿ. ಮನೆಯ ಮುಂಗೋಣೆಯನ್ನು ಅಂಗಡಿಗೆ ಕೊಟ್ಟರೆ ಅದಕ್ಕೆ ವಾಣಿಜ್ಯ ಮೀಟರ್ ಬೇಕಾಗುತ್ತದೆ.

ಸುಗ್ಗಿಯ ಲೆಕ್ಕ

"ಈ ತಿಂಗಳು ಅಡಚಣಿ ಐತ್ರಿ ಕಾಕಾ, ಕಡ್ಲಿ ಮಾರಿದ ಮ್ಯಾಲೆ ಕೂಡಿಸಿ ಕೊಡ್ತೀನ್ರಿ." ನಮ್ಮಲ್ಲಿ ಮಾಲೀಕರು ಮೇಲಿಂದ ಮೇಲೆ ಕೇಳುವ ಮಾತಿದು. ಬಹುಪಾಲು ಸಲ ಅದು ನಿಜವೇ. ಹಿಂಗಾರಿಯ ಕಡಲೆ, ಬಿಳಿಜೋಳದ ರಾಶಿ ಆಗುವ ತನಕ ಕೂಲಿಯವರ ಕೈಯಲ್ಲೂ ರೈತರ ಕೈಯಲ್ಲೂ ಹಣ ಆಡುವುದಿಲ್ಲ. ಇಂಥವರಿಗೆ ಪಟ್ಟಣದ ತಿಂಗಳ ಲೆಕ್ಕ ಹೊಂದದಿದ್ದರೆ ಸುಗ್ಗಿಯ ಲೆಕ್ಕವನ್ನೇ ಬರೆಯಿರಿ. ತಿಂಗಳಿಗೆ ಅರ್ಧ, ಉಳಿದರ್ಧ ಮಾರ್ಚ್ ಕೊನೆಯೊಳಗೆ ಎಂದು ಕರಾರಿನಲ್ಲೇ ಹಾಕಿ. ಒಪ್ಪಿಕೊಂಡು ತಡಮಾಡುವುದು ಬೇರೆ, ಮಾತಿಲ್ಲದೆ ಬಾಕಿ ಬೆಳೆಯುವುದು ಬೇರೆ.

ಬಾಕಿ ಎರಡು ತಿಂಗಳಾದರೆ ಮನೆಗೆ ಹೋಗಿ ಮಾತಾಡಿ, ಮೂರಾದರೆ ಬರಹದಲ್ಲಿ ತಿಳಿಸಿ. ಬಾಕಿ ಬಾಡಿಗೆಗೆ ದಾವೆ ಹಾಕಲು ಮೂರು ವರ್ಷದ ಗಡುವಿದೆ, ಅದನ್ನು ದಾಟಿದ ಬಾಕಿ ಕೈಬಿಟ್ಟಂತೆ. ಪ್ರತಿ ಸಲವೂ ಪಾವತಿ ಕೊಡಿ. ಫೋನ್ ಪೇ ಮಾಡಿದರೂ "ಜೂನ್ ಬಾಡಿಗೆ" ಎಂದು ಬರೆದೇ ಹಾಕಲು ಹೇಳಿ.

ತೆರಿಗೆಯ ಹೆಸರು ಕೇಳಿ ಕಾಗದ ಮಾಡಿಸದವರೂ ಇದ್ದಾರೆ. ಲೆಕ್ಕ ನೋಡಿದರೆ ಅಂಜಿಕೆ ಹೋಗುತ್ತದೆ. ತಿಂಗಳಿಗೆ 4,000ದಂತೆ ವರ್ಷಕ್ಕೆ 48,000 ಬಂತು ಎನ್ನಿ. ಕಟ್ಟಿದ ಮನೆಪಟ್ಟಿ 1,000 ಕಳೆದರೆ 47,000. ಅದರಲ್ಲಿ ನೂರಕ್ಕೆ 30ರಂತೆ 14,100ನ್ನು ಯಾವ ಚೀಟಿಯನ್ನೂ ತೋರಿಸದೆ ಕಳೆಯಬಹುದು. ಉಳಿದ 32,900 ಮಾತ್ರ ನಿಮ್ಮ ಆದಾಯಕ್ಕೆ ಸೇರುತ್ತದೆ. ಬೇರೆ ದೊಡ್ಡ ಆದಾಯವಿಲ್ಲದ ಹಳ್ಳಿಯ ಮಾಲೀಕರಿಗೆ ತೆರಿಗೆಯೇ ಬೀಳುವುದಿಲ್ಲ.

ಕೀಲಿ ಹಾಕಬೇಡಿ

ಮನೆ ಬಿಡಿಸಬೇಕಾದಾಗ ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು. ಸಾಮಾನು ಹೊರಗಿಡುವುದು, ಕರೆಂಟು ಕಡಿಯುವುದು, ಮಂದಿ ಇಲ್ಲದಾಗ ಬಾಗಿಲಿಗೆ ಇನ್ನೊಂದು ಕೀಲಿ ಜಡಿಯುವುದು, ಯಾವುದೂ ಸಲ್ಲದು. ಅವಧಿ ಮುಗಿದ ಮೇಲೂ ಕಬಜೆಯಲ್ಲಿರುವವರನ್ನು ಕಾನೂನಿನ ದಾರಿಯಲ್ಲೇ ಬಿಡಿಸಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಬಲವಂತವಾಗಿ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿ ಕಬಜೆ ತಿರುಗಿ ಪಡೆಯಬಹುದು. ಆಗ ಮಾಲೀಕರೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಸವಡಿಯಂಥ ಹಳ್ಳಿಗಳಲ್ಲಿ ನಡೆಯುವುದು 1882ರ ಕಾಯ್ದೆ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ಲಿಖಿತ ನೋಟಿಸ್ ಸಾಕು. ಬಾಡಿಗೆದಾರರಿಗೂ ಅಷ್ಟೇ ದಿನದ ನೋಟಿಸ್ ಕೊಟ್ಟು ಬಿಡುವ ಹಕ್ಕಿದೆ. ಸಹಿ ಹಾಕಿ, ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಪುರಸಭೆ ಇರುವ ಊರುಗಳಲ್ಲಿ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನೂ ನೋಡಬೇಕು. ದೊಡ್ಡ ನಗರಗಳನ್ನು ಬಿಟ್ಟು ಉಳಿದೆಡೆ ಅದರ ರಕ್ಷಣೆ ತಿಂಗಳಿಗೆ 2,000 ಮೀರದ ಬಾಡಿಗೆಗೆ. ಅಂಗಡಿಯಾದರೆ 14 ಚದರ ಮೀಟರ್ ಮೀರಿರಬಾರದು. ತಾತನ ಕಾಲದ ಬಾಡಿಗೆಯ ಸಣ್ಣ ಮಳಿಗೆ ಇದ್ದವರು ನೋಟಿಸಿಗೆ ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು.

ಕಟ್ಟಬೇಕೋ, ದುರಸ್ತಿ ಮಾಡಬೇಕೋ

ಗಜೇಂದ್ರಗಡದ ಗುಡ್ಡದ ಸೀಮೆಯಲ್ಲಿ ಕರೆಂಟಿನ ಗಾಳಿ ಫ್ಯಾನುಗಳು ಎದ್ದು, ಅವುಗಳ ಕೆಲಸದವರು ಬಂದ ಮೇಲೆ ಬಾಡಿಗೆ ಖೋಲಿ ಕಟ್ಟಿಸುವ ಆಸೆ ಹಲವರಿಗೆ ಬಂದಿದೆ. ಆಸೆಗೆ ಮೊದಲು ಲೆಕ್ಕ ಹಾಕೋಣ. ಆರು ಲಕ್ಷ ಹಾಕಿ ಹೊಸದಾಗಿ ಕಟ್ಟಿದ್ದಕ್ಕೆ ತಿಂಗಳಿಗೆ 2,500 ಬಂದರೆ ವರ್ಷಕ್ಕೆ 30,000. ಎರಡು ತಿಂಗಳು ಖಾಲಿ ಇದ್ದರೆ 25,000. ದುರಸ್ತಿ, ಮನೆಪಟ್ಟಿ 5,000 ಹೋದರೆ ಕೈಗೆ 20,000. ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಅದೇ ಆರು ಲಕ್ಷವನ್ನು ನೂರಕ್ಕೆ ಒಂಬತ್ತರ ಬಡ್ಡಿಗೆ ಸಾಲ ತಂದಿದ್ದರೆ ಬಡ್ಡಿಯೇ ವರ್ಷಕ್ಕೆ 54,000. ಫ್ಯಾನಿನ ಕೆಲಸದವರು ಕೆಲಸ ಮುಗಿದೊಡನೆ ಹೊರಡುತ್ತಾರೆ, ಬಡ್ಡಿ ಹೊರಡುವುದಿಲ್ಲ.

ಈಗ ಕೀಲಿ ಬಿದ್ದ ಹಿರಿಯರ ಮನೆ ನೋಡಿ. ಎಂಬತ್ತು ಸಾವಿರ ಹಾಕಿ ಮಾಳಿಗೆ ಸರಿಮಾಡಿಸಿ, ಪಾಯಖಾನೆ ಕಟ್ಟಿಸಿ 1,500ಕ್ಕೆ ಕೊಟ್ಟರೆ, ಹತ್ತೇ ತಿಂಗಳ ಬಾಡಿಗೆ ಹಿಡಿದರೂ 15,000. ಖರ್ಚು 3,000 ಕಳೆದರೆ 12,000. ಹಾಕಿದ ದುಡ್ಡಿಗೆ ನೂರಕ್ಕೆ ಹದಿನೈದು. ಜೊತೆಗೆ ದಿನಾ ಕಸ ಗುಡಿಸಿ ದೀಪ ಹಚ್ಚುವ ಮಂದಿ ಇದ್ದರೆ ಮನೆ ಬೀಳುವುದಿಲ್ಲ. ನಮ್ಮ ಸೀಮೆಯಲ್ಲಿ ಬಾಡಿಗೆಗೆ ಹೂಡಬಹುದಾದ ಒಳ್ಳೆಯ ಬಂಡವಾಳ ಈಗಾಗಲೇ ನಮ್ಮ ಓಣಿಗಳಲ್ಲಿ ಕೀಲಿ ಹಾಕಿಕೊಂಡು ಕೂತಿದೆ.

ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಉಳಿಯಿತು. ನೌಕರಿ, ಹಿಂದಿದ್ದ ಮನೆ, ಬಾಡಿಗೆ ಕೊಡುವ ಶಕ್ತಿ, ಇವನ್ನು ಕೇಳಿ. ಜಾತಿ ಕೇಳಬೇಡಿ. ಬೇರೆ ಊರಿನಿಂದ ವರ್ಗವಾಗಿ ಬಂದ ಮಾಸ್ತರರು, ನರ್ಸಮ್ಮಂದಿರು ಹೆಸರು ಹೇಳುವ ಮೊದಲೇ "ನೀವು ಯಾವ ಪೈಕಿ" ಎಂಬ ಮಾತು ಕೇಳಿ ತಿರುಗಿ ಹೋಗುವುದನ್ನು ನಾನು ಕಂಡಿದ್ದೇನೆ. ಅಸ್ಪೃಶ್ಯತೆಯ ಕಾರಣಕ್ಕೆ ಮನೆ ಬಾಡಿಗೆಗೆ ಕೊಡದಿರುವುದನ್ನು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಹಿಷ್ಕಾರದ ಸಾಲಿಗೆ ಸೇರಿಸುತ್ತದೆ. ಕಾಯ್ದೆಯ ಮಾತು ಆಚೆಗಿರಲಿ, ನಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಬಂದವರನ್ನು ಊರ ಹೊರಗೆ ನಿಲ್ಲಿಸಿದ ಓಣಿಗೆ ಏಳಿಗೆಯಿಲ್ಲ.

ನಮ್ಮ ಮನೆಯಲ್ಲಿ ಈಗ ಶಾಲೆಯ ಟೀಚರೊಬ್ಬರು ಇದ್ದಾರೆ. ಬಂದ ದಿನ ಅವ್ವ ಅವರ ಕೈಗೆ ಪೆನ್ನು ಹಾಳೆ ಕೊಟ್ಟು ಮನೆಯೆಲ್ಲ ತಿರುಗಿಸಿದಳು. ಅವ್ವನಿಗೆ ಬರೆಯಲು ಬಾರದು. ಮುಂದೆ ನಡೆಯುತ್ತ ತಾನೇ ಹೇಳುತ್ತ ಹೋದಳು: "ಬೆಳಕಿಂಡಿ ಗಾಜು ಸೀಳೈತಿ, ಬರಕೋರಿ. ಬಚ್ಚಲದ ನಳ ಸೋರತೈತಿ, ಬರಕೋರಿ. ಹಿತ್ತಲ ಬಾಗಲಾ ಮಳಿಗಾಲದಾಗ ಬಿಗಿ ಬರತೈತಿ, ಅದನ್ನೂ ಬರಕೋರಿ." ಟೀಚರು ಬರೆದು ಓದಿ ಹೇಳಿದರು, ಅವ್ವ ಹೆಬ್ಬೆಟ್ಟು ಒತ್ತಿದಳು. ಹಾಳೆಯ ಒಂದು ಪ್ರತಿ ನಮ್ಮ ಟ್ರಂಕಿನಲ್ಲಿದೆ. ಇನ್ನೊಂದು ಆ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರುಗಳು ತೂಗುತ್ತಿದ್ದ ಅದೇ ಗೂಟದಲ್ಲಿದೆ.